ಕುಂಬಾರನ ಕತ್ತೆ

ಜನವರಿ 11

ಪ್ರೀತಿಯ ಅಕ್ಕನಿಗೆ,

ಈ ಸಲವೂ ಫೋನು ಮಾಡಲಿಲ್ಲವೆಂದು ಭಾವ ಬೈದಿರಬೇಕು. ಫೋನಿನಲ್ಲಿ ನನ್ನ ನಾಲಿಗೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುವುದು ನಿನಗೆ ಗೊತ್ತು. ಆ ಕಡೆಯವರು ಹಲೋ ಹಲೋ ಎಂದು ಕೂಗಿ ಇಟ್ಟುಬಿಡುತ್ತಾರೆ. ಕಾಗದದ ಮೇಲೆ ನಾನು ತೊದಲುವುದಿಲ್ಲ. ಆದ್ದರಿಂದ ಎಂದಿನಂತೆ ನಾಲ್ಕು ಹಾಳೆ, ಎಂದಿನಂತೆ ಇರುವೆ ಸಾಲಿನ ಅಕ್ಷರ.

ಕಚೇರಿಯಲ್ಲಿ ನಮ್ಮ ದರ್ಶನಕೋಶ ಕೊನೆಗೂ 'ಕ' ಅಕ್ಷರಕ್ಕೆ ಬಂದಿದೆ. 'ಕಾರಣ' ಎಂಬ ನಮೂದು ನನ್ನ ಪಾಲಿಗೆ ಬಿದ್ದಿದೆ. "ಒಂದೂವರೆ ಪುಟ. ಜಾಸ್ತಿ ಆದ್ರೆ ನಾನೇ ಕತ್ತರಿ ಹಾಕ್ತೀನಿ" ಎಂದರು ಸಂಪಾದಕರು. ಎದುರು ಮೇಜಿನಲ್ಲಿ ಕೂರುವ ಪೆನ್ಸಿಲ್ (ಕಿವಿಯ ಮೇಲಿನ ಪೆನ್ಸಿಲನ್ನು ಆತ ಊಟಕ್ಕೂ ತೆಗೆಯುವುದಿಲ್ಲ, ಹಾಗಾಗಿ ಆ ಹೆಸರು) ಸುಮ್ಮನಿರಲಿಲ್ಲ: "ಪ್ರಪಂಚ ಯಾಕೆ ಹುಟ್ಟಿತು ಅನ್ನೋದಕ್ಕೆ ಒಂದೂವರೆ ಪುಟ ಸಾಕಾ ಸಾರ್? ನಾನು ಮೊನ್ನೆ ಯಾಕೆ ತಡವಾಗಿ ಬಂದೆ ಅಂತ ಬರೆಯೋಕೆ ಎರಡು ಪುಟ ಕೇಳಿದ್ರಿ."

ವಿಷಯ ಹಳೆಯದು. ಸಾಂಖ್ಯರ ಮಾತು ಇದು: ಕಾರ್ಯವೆಂಬುದು ಕಾರಣದೊಳಗೆ ಮೊದಲೇ ಇರುತ್ತದೆ, ಎಳ್ಳಿನೊಳಗೆ ಎಣ್ಣೆ ಇದ್ದ ಹಾಗೆ. ಮರಳನ್ನು ಎಷ್ಟು ಅರೆದರೂ ಎಣ್ಣೆ ಬರುವುದಿಲ್ಲ, ಇಲ್ಲದ್ದು ಹುಟ್ಟುವುದಿಲ್ಲ. ನೈಯಾಯಿಕರು ಒಪ್ಪುವುದಿಲ್ಲ. ಮಡಕೆ ಮಣ್ಣಿನೊಳಗೆ ಮೊದಲೇ ಇದ್ದದ್ದಾದರೆ ಕುಂಬಾರ ಯಾಕೆ ಬೆವರು ಸುರಿಸಬೇಕು ಎಂದು ಅವರ ಪ್ರಶ್ನೆ. ಮಡಕೆ ಹೊಸದು, ನಿನ್ನೆ ಎಲ್ಲಿಯೂ ಇರಲಿಲ್ಲ. ಸಾವಿರಾರು ವರ್ಷ ಜಗಳವಾಡಿದ್ದಾರೆ, ಒಂದು ಮಡಕೆಯೂ ಒಡೆದಿಲ್ಲ.

ನನಗೆ ಇಷ್ಟವಾದದ್ದು ಒಂದು ಕತ್ತೆ. ಕುಂಬಾರನಿಗೆ ಮಣ್ಣು ಹೊತ್ತು ತಂದ ಕತ್ತೆ ಮಡಕೆಗೆ ಕಾರಣವೇ ಎಂದು ನೈಯಾಯಿಕರು ವಿಚಾರ ಮಾಡುತ್ತಾರೆ. ಮಡಕೆಗಿಂತ ಮುಂಚೆ ಅದು ಅಲ್ಲಿತ್ತು, ನಿಜ. ಆದರೆ ಅದಿಲ್ಲದಿದ್ದರೆ ಮಣ್ಣು ಗಾಡಿಯಲ್ಲಿ ಬರುತ್ತಿತ್ತು. ಆದ್ದರಿಂದ ಕತ್ತೆ ಕಾರಣವಲ್ಲ, ಸುಮ್ಮನೆ ಪಕ್ಕದಲ್ಲಿದ್ದದ್ದು. ಅಷ್ಟು ಭಾರ ಹೊತ್ತ ಮೇಲೂ ಲೆಕ್ಕಕ್ಕಿಲ್ಲ. ಚಿಕ್ಕಂದಿನಲ್ಲಿ ನೀನು ನನ್ನನ್ನು ಕರೆಯುತ್ತಿದ್ದ ಹೆಸರು ನೆನಪಾಗಿ ಒಬ್ಬನೇ ನಕ್ಕೆ.

ನಿನ್ನ ತಮ್ಮ


ಜನವರಿ 24

ಚಿರಂಜೀವಿ ಕತ್ತೆಗೆ ಅಕ್ಕನ ಆಶೀರ್ವಾದ.

ಇಲ್ಲಿ ಎಲ್ಲಾ ಕ್ಷೇಮ. ನಿನ್ನ ಕಾಗದ ನಿನ್ನೆ ಬಂತು. ಎಂದಿನ ಹಾಗೆ ಚಪ್ಪಲಿ ಕೂಡ ಬಿಡದೆ ಅಡುಗೆಮನೆಯಲ್ಲಿ ನಿಂತುಕೊಂಡೇ ಒಂದೇ ಉಸಿರಿಗೆ ಓದಿದೆ. ಸಕ್ಕರೆ ಜಾಡಿ ಕೈಯಲ್ಲಿತ್ತು. ಚೂರುಚೂರಾಯಿತು! ನೆಲವೆಲ್ಲ ಸಕ್ಕರೆ, ಗಾಜು, ಯಾವುದು ಯಾವುದು ಅಂತ ಗೊತ್ತಾಗದ ಹಾಗೆ.

ನಿನ್ನ ಭಾವ ಡ್ಯೂಟಿ ಮುಗಿಸಿ, ಬಸ್ಸು ಡಿಪೋಗೆ ಬಿಟ್ಟು ಮನೆಗೆ ಬಂದವರು ನೋಡಿ ಏನಂದ್ರು ಗೊತ್ತಾ? "ನಿನ್ನ ತಮ್ಮನ ಕಾಗದ ಬಂತಾ? ಅದಕ್ಕೇ." ಯಾಕೆ ಅಂದೆ. "ಹೋದ ಸಲ ಕಾಗದ ಬಂದಾಗ ನೀನು ಮೆಟ್ಟಿಲ ಮೇಲೆ ಜಾರಿದೆ. ಅದಕ್ಕೂ ಮುಂಚೆ ಬಂದಾಗ ಹಾಲು ಉಕ್ಕಿ ಒಲೆ ಆರಿ ಮನೆಯೆಲ್ಲ ಗ್ಯಾಸು. ನಿಮ್ಮ ಅಕ್ಕ-ತಮ್ಮನ ಪ್ರೀತಿ ಸುಮ್ಮನೆ ಬರಲ್ಲ ಮಾರಾಯ್ತಿ, ಏನಾದ್ರೂ ತಗೊಂಡೇ ಹೋಗುತ್ತೆ." ನಾನು ನಕ್ಕೆ. ಕಾಗೆ ಕೂರೋಕೂ ಕೊಂಬೆ ಮುರಿಯೋಕೂ ಸರಿಹೋಯ್ತು ಅಂತಾರಲ್ಲ, ಹಾಗೆ.

ನಮ್ಮ ಹೊಲಿಗೆ ಕಾರ್ಖಾನೆಗೆ ದೊಡ್ಡ ಗಿರಾಕಿ ಬಂದಿದ್ದಾರೆ, ಒಂದು ಹೋಟೆಲಿನ ಕಿಟಕಿಗಳಿಗೆಲ್ಲ ಪರದೆ. ಬಟ್ಟೆ ಕತ್ತರಿಸೋದು ನಾನೇ, ಕೊನೆಗೆ ಇಸ್ತ್ರಿ ನೋಡಿಕೊಳ್ಳೋದೂ ನಾನೇ. ಎಳ್ಳಿನೊಳಗೆ ಎಣ್ಣೆ ಇದ್ದ ಹಾಗೆ ಬಟ್ಟೆಯ ಥಾನಿನೊಳಗೆ ಪರದೆ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು.

ಬೇಗ ಬರಿ. ಈ ಸಲ ಸ್ಟೀಲ್ ಡಬ್ಬಿ ತಂದಿಟ್ಟಿದ್ದೇನೆ.

ಅಕ್ಕ


ಫೆಬ್ರವರಿ 2

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಓದಿ ನಾನೂ ನಕ್ಕೆ. ಮಧ್ಯಾಹ್ನ ಕಚೇರಿಯ ಮೆಟ್ಟಿಲು ಇಳಿಯುವಾಗ ನಗು ನಿಂತಿತ್ತು.

ಒಂದು ಪ್ರಶ್ನೆ ಕೇಳುತ್ತೇನೆ, ತಮಾಷೆಯೆಂದೇ ತಿಳಿದುಕೋ. ಜಾಡಿ ಬಿದ್ದದ್ದು ಕಾಗದ ಒಡೆಯುವ ಮುಂಚೆಯೋ, ಓದಿದ ಮೇಲೋ? ಮೆಟ್ಟಿಲಲ್ಲಿ ಜಾರಿದಾಗ ಕೈಯಲ್ಲಿ ಕಾಗದವಿತ್ತೇ? ಹಾಲು ಉಕ್ಕಿದಾಗ?

ಕೇಳುವುದಕ್ಕೆ ಕಾರಣವಿದೆ. ನಮೂದಿನಲ್ಲಿ ನಾನೇ ಬರೆದಿರುವ ಲಕ್ಷಣವಾಕ್ಯ ಇದು: ತಪ್ಪದೆ ಮೊದಲು ಇರುವುದು ಕಾರಣ. ಒಮ್ಮೆ ಮೊದಲು ಬಂದರೆ ಅದು ಕಾಗೆ, ಕೊಂಬೆ. ತಪ್ಪದೆ ಬಂದರೆ ಅದಕ್ಕೆ ಬೇರೆ ಹೆಸರು. ಪೆನ್ಸಿಲ್‌ಗೆ ನಿನ್ನ ಹೆಸರು ಹೇಳದೆ ವಿಷಯ ತಿಳಿಸಿದೆ. "ಒಂದು ಸಲ ಮುರಿದ್ರೆ ಕಾಗೆ ಸಾರ್. ಪದೇ ಪದೇ ಮುರಿದ್ರೆ ಕಾಗೇನ ಬಿಟ್ಟು ಕೊಂಬೆ ನೋಡ್ಬೇಕು, ಗೆದ್ದಲು ಹಿಡಿದಿರುತ್ತೆ" ಎಂದು ತನ್ನ ಡಬ್ಬಿ ತೆಗೆದು ಉಣ್ಣತೊಡಗಿದ. ಆತನಿಗೆ ಎಲ್ಲವೂ ಹಾಸ್ಯ. ನನಗೆ ಕಾಗೆಯದೇ ಯೋಚನೆ. ಅದು ತಾನು ಭಾರವಿಲ್ಲದ ಪಕ್ಷಿ ಎಂದುಕೊಂಡು ಬಂದು ಕೂತಿರುತ್ತದೆ.

ಇದನ್ನು ಕುಳಿತು ಓದು. ಕೈಯಲ್ಲಿ ಏನೂ ಇಟ್ಟುಕೊಳ್ಳಬೇಡ.

ನಿನ್ನ ತಮ್ಮ


ಫೆಬ್ರವರಿ 16

ಚಿ. ತಮ್ಮನಿಗೆ ಆಶೀರ್ವಾದ.

ಇಲ್ಲಿ ಎಲ್ಲಾ ಕ್ಷೇಮ. ಕಾಗದ ಬಂತು. ಏನೂ ಆಗಲಿಲ್ಲ. ಪೆನ್ನು ಸರಿಯಿಲ್ಲ, ಅಕ್ಷರ ನೋಡಿ ನಗಬೇಡ.

ಅಕ್ಕ


ಮಾರ್ಚ್ 1

ಅಕ್ಕನಿಗೆ,

ಪೆನ್ನು ಸರಿಯಿಲ್ಲದಿದ್ದರೆ ಅಕ್ಷರ ಮಸುಕಾಗುತ್ತದೆ. ಎಡಕ್ಕೆ ವಾಲುವುದಿಲ್ಲ. ನೀನು ಎಡಗೈಯಲ್ಲಿ ಬರೆದಿದ್ದೀಯ.

ಭಾವನ ಕಾರ್ಡೂ ಬಂದಿದೆ. ಬಸ್ಸಿನ ಬೋರ್ಡಿನಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ: "ಇಸ್ತ್ರಿ ಮಾಡುವಾಗ ಬಲಗೈ ಸುಟ್ಟಿದೆ. ಗಾಬರಿ ಬೇಡ. ನಾನು ಹೇಳಿದೆ ಅಂತ ಹೇಳಬೇಡಿ, ನನ್ನನ್ನೂ ಇಸ್ತ್ರಿ ಮಾಡಿಬಿಡ್ತಾಳೆ." ಅವರ ಹಾಸ್ಯದ ಕೆಳಗೆ ಕೈ ಸುಟ್ಟ ತಾರೀಖು ಇತ್ತು. ಲೆಕ್ಕ ಹಾಕಿದರೆ ಅದು ನನ್ನ ಕಾಗದ ನಿನಗೆ ತಲುಪಿರಬೇಕಾದ ದಿನ. ನೀನು ಅದನ್ನು ಕೆಲಸದ ಜಾಗಕ್ಕೆ ಒಯ್ದು ಇಸ್ತ್ರಿ ಮೇಜಿನ ಬಳಿ ಕುಳಿತೇ ಓದಿರಬೇಕು. ಕುಳಿತು ಓದು ಎಂದಿದ್ದೆನಲ್ಲ.

ಅಕ್ಕ, ನಾನು ಮೂಢನಲ್ಲ. ಹಾಳೆಗೂ ಮಸಿಗೂ ಶಾಪವಿರುವುದಿಲ್ಲ ಎಂದು ಬಲ್ಲೆ. ಆದರೆ ಬಲ್ಲೆ ಎನ್ನುವವನು ಹಗಲಿನಲ್ಲಿ, ಜನರ ನಡುವೆ, ಅಂಚೆಪೆಟ್ಟಿಗೆಯ ಮುಂದೆ ನಿಂತು ಕಾಗದ ಒಳಗೆ ಹಾಕಲಾರದೆ ವಾಪಸು ಬರುತ್ತಾನೆ. ನಿನ್ನೆ ಹಾಗೆ ಬಂದೆ. ಪೆಟ್ಟಿಗೆಯ ಬಾಯಿ ನನ್ನ ಅಂಗೈ ಅಗಲವಿತ್ತು.

ಕಾರಣವನ್ನು ಪರೀಕ್ಷಿಸುವ ಒಂದೇ ಕ್ರಮವನ್ನು ಎಲ್ಲ ದರ್ಶನಗಳೂ ಬಳಸುತ್ತವೆ. ಬೌದ್ಧರು ಅದನ್ನು ಮಗುವಿಗೆ ಹೇಳುವಂತೆ ಹೇಳುತ್ತಾರೆ: ಇದು ಇದ್ದರೆ ಅದು ಇರುತ್ತದೆ, ಇದು ಇಲ್ಲದಿದ್ದರೆ ಅದು ಇರುವುದಿಲ್ಲ. ಮೊದಲ ಅರ್ಧ ಸಾಕಷ್ಟು ಆಯಿತು. ಎರಡನೆಯ ಅರ್ಧವನ್ನು ನೋಡಬೇಕು. ಇನ್ನು ಮೇಲೆ ಬರೆಯುವುದಿಲ್ಲ. ಬದುಕಿದ್ದೇನೆಂದು ನಿನಗೆ ತಿಳಿಯಲು ತಿಂಗಳಿಗೊಂದು ಹಾಳೆ ಬರುತ್ತದೆ. ಅದರಲ್ಲಿ ಓದುವಂಥದ್ದು ಏನೂ ಇರುವುದಿಲ್ಲ.

ಬೇಸರ ಮಾಡಿಕೊಳ್ಳಬೇಡ. ಇದನ್ನು ಓದಿದ ಕೂಡಲೇ ಗೋಡೆಗೊರಗಿ ನೆಲದ ಮೇಲೆ ಕುಳಿತುಬಿಡು.

ತಮ್ಮ


ಏಪ್ರಿಲ್ 1

ಅಕ್ಕನಿಗೆ,

ತಮ್ಮ


ಮೇ 1

ಅಕ್ಕನಿಗೆ,

ತಮ್ಮ


ಮೇ 20

ಚಿ. ತಮ್ಮನಿಗೆ ಆಶೀರ್ವಾದ.

ಇಲ್ಲಿ ಎಲ್ಲಾ ಕ್ಷೇಮ. ಈ ಸಲ ನಿಜವಾಗಿ. ಕೈ ವಾಸಿಯಾಗಿದೆ. ಬಲಗೈಯ ಅಕ್ಷರ ನೋಡು, ನೆಟ್ಟಗಿದೆ.

ಬಿಳಿ ಹಾಳೆ ಬಂದ ದಿನ ತುಂಬ ಕೋಪ ಬಂತು. ಸತ್ತವರ ಮನೆಯಿಂದ ಬಂದ ಹಾಗಿತ್ತು. ನಿನ್ನ ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಸಲ ಬಹಳ ಚೆನ್ನಾಗಿ ಬರೆದಿದ್ದಾನೆ, ನನಗೂ ಅರ್ಥ ಆಯ್ತು" ಅಂದರು. ಆಮೇಲೆ ಇಬ್ಬರೂ ನಗಲಿಲ್ಲ.

ನಿಜ ಹೇಳ್ತೀನಿ. ನೀನು ನಿಲ್ಲಿಸಿದಾಗಿನಿಂದ ಮನೆಯಲ್ಲಿ ಒಂದು ಲೋಟ ಬಿದ್ದಿಲ್ಲ. ಕೆಲಸದಲ್ಲಿ ಸೂಜಿ ಚುಚ್ಚಿಲ್ಲ. ಮೇಲ್ವಿಚಾರಕಿ ಮೊನ್ನೆ, "ಏನಕ್ಕಾ, ಕೈ ಪಳಗ್ತಾ ಇದೆ ಈ ವಯಸ್ಸಲ್ಲಿ!" ಅಂತ ಚುಡಾಯಿಸಿದಳು. ಅಂದ್ರೆ ನೀನು ಹೇಳಿದ್ದೇ ಸರಿಯಾ? ಆವಾಗ ನಕ್ಕಿದ್ದೆ. ಈಗ ಅಂಚೆಯವನ ಸೈಕಲ್ ಶಬ್ದ ಕೇಳಿದ್ರೆ ಒಲೆ ಆರಿಸಿ ನಿಂತುಕೊಳ್ತೀನಿ. ನನ್ನ ತಮ್ಮನ ಕಾಗದಕ್ಕೆ ನಾನು ಹೆದರೋದಾ? ನಾಚಿಕೆ ಆಗುತ್ತೆ.

ಬೆಳಿಗ್ಗೆ ಎದ್ದಾಗ ತಲೆ ಭಾರ, ಅದು ಬೇರೆ ವಿಷಯ. ಬಿಸಿಲಿಗೆ.

ಅಕ್ಕ


ಜೂನ್ 1

ಅಕ್ಕನಿಗೆ,

ತಲೆ ಭಾರ ಎಂದರೆ ಹೇಗೆ?

ತಮ್ಮ


ಜುಲೈ 9

ಚಿ. ತಮ್ಮನಿಗೆ,

ನಿನ್ನ ಒಂದು ಸಾಲಿಗೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಇವತ್ತು ಎಲ್ಲಾ ಬರೀತೀನಿ. ಬರೆಯೋಕೆ ತೊಂದರೆ ಇಲ್ಲವಂತೆ. ಬರೆದದ್ದನ್ನ ತಿರುಗಿ ಓದಬಾರದು ಅಷ್ಟೆ. ತಪ್ಪಿದ್ರೆ ನೀನೇ ತಿದ್ದಿಕೋ, ಅದು ನಿನ್ನ ಕೆಲಸವೇ.

ಜೂನ್ ಕೊನೆಯಲ್ಲಿ ಕಾರ್ಖಾನೆಗೆ ರಜ ಇತ್ತು. ಮಧ್ಯಾಹ್ನ ಸುಮ್ಮನೆ ಕೂತಿದ್ದೆ. ನಿನ್ನ ಮಾತು ಕೇಳಬೇಕು ಅನ್ನಿಸಿತು. ಬೀರುವಿನಿಂದ ನಿನ್ನ ಹಳೆ ಕಾಗದಗಳ ಕಟ್ಟು ತೆಗೆದೆ. ಹಳೇದಲ್ವಾ, ಇವುಗಳಿಗೆ ಏನು ಶಕ್ತಿ ಇರುತ್ತೆ ಅಂದ್ಕೊಂಡೆ. ಒಂದಾದ ಮೇಲೆ ಒಂದು ಓದಿದೆ. ನೀನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಬರೆದದ್ದು, ಅಮ್ಮ ಹೋದ ಮೇಲೆ ಬರೆದದ್ದು. ದವಡೆ ತಟತಟ ಅನ್ನೋಕೆ ಶುರುವಾಯಿತು. ನಿಲ್ಲಿಸಲಿಲ್ಲ. ಆಮೇಲೆ ಗೊತ್ತಿಲ್ಲ. ನಿನ್ನ ಭಾವ ಬಾಗಿಲು ತೆಗೆದಾಗ ನಾನು ನೆಲದ ಮೇಲಿದ್ದೆನಂತೆ, ನಾಲಿಗೆ ಕಚ್ಚಿಕೊಂಡು, ಸುತ್ತ ನಿನ್ನ ಕಾಗದಗಳು. ಅವರು ಅವನ್ನು ತುಳಿದುಕೊಂಡೇ ನನ್ನ ಹತ್ತಿರ ಬಂದರಂತೆ. ಕ್ಷಮಿಸು ಅಂದಿದ್ದಾರೆ.

ದವಡೆಯ ವಿಷಯ ನಿನಗೆ ಹೇಳಿರಲಿಲ್ಲ. ಹೋದ ವರ್ಷದಿಂದ ಇದೆ. ನಿನ್ನ ಕಾಗದ ಅರ್ಧ ಓದುವಷ್ಟರಲ್ಲಿ ತಟ್ ತಟ್ ಅನ್ನೋದು, ಆಮೇಲೆ ಒಂದು ಕ್ಷಣ ಏನೂ ಇರ್ತಿರಲಿಲ್ಲ, ಆಮೇಲೆ ಕೈಯಲ್ಲಿದ್ದದ್ದು ನೆಲದ ಮೇಲೆ ಇರೋದು. ಹೇಳಿದ್ರೆ ನಿಜ ಆಗಿಬಿಡುತ್ತೆ ಅಂತ ಹೆದರಿಕೆ. ನಿನ್ನ ಭಾವ ತಮಾಷೆ ಮಾಡಿದಾಗ ಅನುಕೂಲವೇ ಆಯಿತು. ಕಾಗದದ ಮೇಲೆ ಹಾಕಿ ಸುಮ್ಮನಾದೆ.

ಆಸ್ಪತ್ರೆಯ ಡಾಕ್ಟರು ಚಿಕ್ಕವರು, ನಮ್ಮ ಮೇಲ್ವಿಚಾರಕಿ ವಯಸ್ಸಿನ ಹೆಣ್ಣುಮಗಳು. ತಲೆಗೆ ತಂತಿ ಅಂಟಿಸಿ ಪೇಪರ್ ಕೊಟ್ಟರು. "ಓದಿ ಅಮ್ಮಾ, ಗಟ್ಟಿಯಾಗಿ." ಎರಡನೇ ಕಾಲಮ್ಮಿಗೆ ಬರೋಷ್ಟರಲ್ಲಿ ದವಡೆ ಶುರು. "ಸಾಕು, ಸಾಕು, ನಿಲ್ಲಿಸಿ." ಆಮೇಲೆ ಚಿತ್ರ ತೆಗೆದರು. ಎಡಗಡೆ, ಕಿವಿಯ ಮೇಲೆ, ಒಳಗೆ ಒಂದು ಗಂಟು. ಓದೋ ಕೆಲಸ ಮಾಡೋ ಜಾಗದ ಪಕ್ಕದಲ್ಲೇ ಕೂತಿದೆಯಂತೆ. ಓದಿದ್ರೆ ಹೀಗೆ ಫಿಟ್ಸ್ ಬರೋದು ಅಪರೂಪವಂತೆ.

"ನೀವು ದಿನಾ ಏನು ಓದ್ತೀರಿ?" ಅಂತ ಕೇಳಿದರು.

"ಏನೂ ಇಲ್ಲಮ್ಮಾ. ಟೇಪಿನ ಮೇಲಿನ ಅಂಕಿ. ಓದೋದು ನನ್ನ ತಮ್ಮನ ಕಾಗದ ಒಂದೇ."

"ಮತ್ತೆ ಮಾರ್ಚ್‌ನಿಂದ ಜೂನ್‌ವರೆಗೆ ಒಂದು ಸಲಾನೂ ಆಗಿಲ್ಲ ಅಂತೀರಲ್ಲ?"

"ಅವನು ಬರೆಯೋದು ನಿಲ್ಲಿಸಿದ್ದ."

ಅವರು ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಚೀಟಿಯ ಮೇಲೆ ಏನೋ ಬರೆದುಕೊಂಡರು. ನಿನ್ನ ಭಾವ ಕೇಳಿದರು, "ಕಾಗದದಿಂದ ಬಂದದ್ದಾ ಮೇಡಂ ಇದು?" "ಛೇ, ಕಾಗದ ಏನು ಮಾಡುತ್ತೆ. ಅದು ಮೊದಲೇ ಒಳಗಿತ್ತು" ಅಂದರು. ಎಳ್ಳಿನೊಳಗೆ ಎಣ್ಣೆ, ಅಲ್ವಾ.

ಜುಲೈ 30ಕ್ಕೆ ಆಪರೇಷನ್. ನೀನು ಈಗ ಬರಬೇಡ. ಅಷ್ಟು ದೂರದಿಂದ ಬಂದು ಮಂಚದ ಪಕ್ಕ ನಿಂತರೆ ಕೊನೆ ಸಲ ನೋಡೋಕೆ ಬಂದ ಹಾಗೆ ಇರುತ್ತೆ, ನನಗೆ ಧೈರ್ಯ ಸಾಲಲ್ಲ. ಆಮೇಲೆ ಬಾ. ಓದೋದು ಬರೆಯೋದು ಆಮೇಲೆ ಹೇಗಿರುತ್ತೋ ಹೇಳೋಕಾಗಲ್ಲ ಅಂದಿದ್ದಾರೆ. ಅದಕ್ಕೇ ಒಂದು ಕಾಗದ ಬರಿ. ಈಗ ತೆರೆಯಲ್ಲ, ತಲೆದಿಂಬಿನ ಕೆಳಗೆ ಇಟ್ಟುಕೊಂಡು ಹೋಗ್ತೀನಿ. ದೊಡ್ಡ ಅಕ್ಷರ, ಸಣ್ಣ ಸಾಲು. ನಿನ್ನ ಭಾವನ ಕೈಲಿ ಓದಿಸೋಣ ಅಂದ್ರೆ, "ಮುಂದಿನ ನಿಲ್ದಾಣ" ಅನ್ನೋ ಹಾಗೆ ಓದ್ತಾರೆ, ನಿನ್ನ ಧ್ವನಿ ಸಿಗಲ್ಲ.

ಅಕ್ಕ


ಜುಲೈ 18

ಅಕ್ಕ,

ಇದು ಆಮೇಲೆ ಓದಲು.

ಅವಸರವಿಲ್ಲ. ಒಂದೊಂದೇ ಸಾಲು.

ಡಾಕ್ಟರು ಯಾಕೆ ಸುಮ್ಮನಾದರೆಂದು ನನಗೆ ಗೊತ್ತಾಯಿತು.

ನಾನು ಬರೆಯುತ್ತಿದ್ದರೆ ನೀನು ವಸಂತದಲ್ಲೇ ಬಿದ್ದಿರುತ್ತಿದ್ದೆ,

ವಸಂತದಲ್ಲೇ ಅವರು ನೋಡಿರುತ್ತಿದ್ದರು.

ಹೊಗೆ ಕಂಡು ನಾನು ಕಿಟಕಿ ಮುಚ್ಚಿದೆ.

ಒಳಗೆ ಬೆಂಕಿ ಅಷ್ಟು ದಿನ ತನ್ನಷ್ಟಕ್ಕೆ ಇತ್ತು.

ಪೆನ್ಸಿಲ್ ಹೇಳಿದ್ದ, ಕೊಂಬೆ ನೋಡಿ ಎಂದು.

ಈ ಹಾಳೆಗೂ ಹೆದರಿಕೊಂಡೇ ಬರೆಯುತ್ತಿದ್ದೇನೆ.

ಬರೆದರೂ ಹೆದರಿಕೆ, ಬರೆಯದಿದ್ದರೂ ಹೆದರಿಕೆ.

ಬರೆಯದ ಹೆದರಿಕೆ ದೊಡ್ಡದು ಎಂದು ಈಗ ಬಲ್ಲೆ.

'ಕಾರಣ' ಮುಗಿಸಿಲ್ಲ. ಸಂಪಾದಕರು ಬೈಯುತ್ತಿದ್ದಾರೆ.

ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆ ಇದೆ.

ಉತ್ತರ ಬಂದರೆ ನೀನು ಪೂರ್ತಿ ಓದಿದೆ ಎಂದುಕೊಳ್ಳುತ್ತೇನೆ.

ಕತ್ತೆ ಕಾರಣವೋ, ಅಲ್ಲವೋ?


ಆಗಸ್ಟ್ 27

ತಮ್ಮ,

ಕ್ಷೇಮ ಅಂತ ಬರೆಯಲ್ಲ. ಆ ಪದದ ಮೇಲೆ ನಿನಗೆ ನಂಬಿಕೆ ಹೋಗಿದೆ, ನನಗೂ.

ಗಂಟು ತೆಗೆದರು. ಅದು ಎಂಥದ್ದು ಅಂತ ವರದಿ ಇನ್ನೂ ಬಂದಿಲ್ಲ. ತಲೆ ಬೋಳು. ಕೆಲವು ಪದ ಕೈಗೆ ಸಿಗಲ್ಲ. ನಿನ್ನೆ ಕತ್ತರಿ ಬೇಕಿತ್ತು, "ಆ ಎರಡು ಕಾಲಿಂದು ಕೊಡಿ" ಅಂದೆ. ನಿನ್ನ ಭಾವ ಎದ್ದು ನಿಂತು, "ಇಲ್ಲೇ ಇದ್ದೀನಲ್ಲ" ಅಂದರು. ನಕ್ಕೆ. ಆಮೇಲೆ ಅವರು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ದಿನಕ್ಕೆ ಒಂದು ಸಾಲು ಓದಬಹುದು ಅಂದಿದ್ದಾರೆ ಡಾಕ್ಟರು, ಪಕ್ಕದಲ್ಲಿ ಯಾರಾದ್ರೂ ಇದ್ದರೆ. ನಿನ್ನ ಕಾಗದವನ್ನೇ ಓದ್ತಾ ಇದ್ದೀನಿ. ಮೇಲಿನಿಂದ ಒಂದು ರಟ್ಟು ಇಟ್ಟುಕೊಂಡು ದಿನಕ್ಕೊಂದು ಸಾಲಿನಷ್ಟು ಕೆಳಗೆ ಸರಿಸ್ತೀನಿ. ಸೆರಗಿನ ಅಂಚು ಹೊಲಿಯುವಾಗ ಬಟ್ಟೆ ಸರಿಸೋ ಹಾಗೆ. ಹೊಗೆಯ ಸಾಲಿನ ದಿನ ರಾತ್ರಿಯವರೆಗೂ ಅಳು ಬಂತು. ವಸಂತದಲ್ಲಿ ಬಿದ್ದಿದ್ರೆ ಬಿಸಿ ಇಸ್ತ್ರಿಯ ಮೇಲೇ ಬೀಳ್ತಿದ್ದೆನೋ ಏನೋ. ಆಗದೇ ಇದ್ದದ್ದಕ್ಕೆ ಕಾರಣ ಹುಡುಕಬೇಡ, ಅದಕ್ಕೆ ಒಂದೂವರೆ ಪುಟ ಸಾಲಲ್ಲ.

ಇನ್ನು ಮುಚ್ಚಿಡಲ್ಲ ಅಂತ ತೀರ್ಮಾನ ಮಾಡಿದ್ದೀನಿ. ಅದಕ್ಕೇ ಹೇಳ್ತೀನಿ. ಇವತ್ತಿನ ಸಾಲು ಓದುವಾಗ ದವಡೆ ಒಂದು ಸಲ ತಟ್ ಅಂತು. ಒಂದೇ ಸಲ. ಅಥವಾ ಅಂದ ಹಾಗೆ ಅನ್ನಿಸಿತು. ನಿನ್ನ ಭಾವ ನನ್ನ ಮುಖವನ್ನೇ ನೋಡ್ತಾ ಕೂತಿದ್ದರು, ಅವರು ಏನೂ ಕಾಣಲಿಲ್ಲ ಅಂತಾರೆ. 'ಏನೂ ಇಲ್ಲ' ಅಂತ ಮುಚ್ಚಿಡೋದನ್ನ ನಾನು ಅವರಿಂದಲೇ ಕಲಿತದ್ದು.

ಕೊನೆಯ ಸಾಲಿನಲ್ಲಿ ಪ್ರಶ್ನೆ ಇದೆ ಅಂತ ನಿನ್ನೆ ಓದಿದೆ. ಉಳಿದಿರೋದು ಅದೊಂದೇ. ರಟ್ಟು ಸರಿಸಿಲ್ಲ. ಆದರೂ ನೀನು ಏನು ಕೇಳಿರ್ತೀಯ ಅಂತ ಗೊತ್ತು, ನಿನ್ನನ್ನು ಎತ್ತಿ ಆಡಿಸಿದವಳು ನಾನು. ಅದಕ್ಕೇ ಉತ್ತರ ಇವತ್ತೇ ಬರೆದುಬಿಡ್ತೀನಿ, ನಾಳೆ ಹೇಗೋ ಏನೋ. ನಿಮ್ಮ ಕೋಶದಲ್ಲಿ ಕತ್ತೆ ಇಲ್ಲದಿದ್ರೂ ಮಡಕೆ ಆಗುತ್ತೆ. ಆಗಲಿ. ಕತ್ತೆ ಇಲ್ಲದ ಮಡಕೆ ನನಗೆ ಬೇಡ. ರಜ ಹಾಕಿ ಬಾ.

ಪ್ರಶ್ನೆಗಿಂತ ಮುಂಚೆ ಉತ್ತರ ಬಂದರೆ ಅದಕ್ಕೆ ನಿನ್ನ ಪುಸ್ತಕದಲ್ಲಿ ಏನಂತಾರೋ, ಬಂದು ಹೇಳು.

ಕಾಗದ ನಿನ್ನ ಭಾವನ ಕೈಗೆ ಕೊಡ್ತಾ ಇದ್ದೀನಿ, ಈಗಲೇ ಅಂಚೆಗೆ ಹಾಕಿ ಬರ್ತಾರೆ. ಕೊನೆಯ ಸಾಲು ನಾಳೆ ಬೆಳಿಗ್ಗೆ ಓದ್ತೀನಿ, ಒಲೆ ಹಚ್ಚೋ ಮುಂಚೆ, ನೆಲದ ಮೇಲೆ ಕೂತು, ಗೋಡೆಗೊರಗಿ.

ಅಕ್ಕ